ಅಪ್ಪನ ಬನಿಯನ್ನಿಗೆ ಇಸಿಜಿ ಹೊಲಿಸಿದ್ದು

ಅಪ್ಪನಿಗೆ ಆಗಾಗ ಎದೆ ಡವಡವ ಅನ್ನುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿರುತ್ತಿತ್ತು. ಮಲಗಿಸಿ ಇಸಿಜಿ ತೆಗೆದರೆ ಎಲ್ಲ ಸರಿ. ಆ ಮಷೀನು ನೋಡುವುದೇ ಹತ್ತು ಸೆಕೆಂಡು, ಅಷ್ಟರಲ್ಲಿ ಏನು ಸಿಕ್ಕೀತು? ಡಾಕ್ಟರು ಹಾಲ್ಟರ್ ಕಟ್ಟಿಸಿದರು, ಎದೆಗೆ ಪ್ಯಾಚು ಅಂಟಿಸಿ 24 ಗಂಟೆ ಇಸಿಜಿ ಬರೆದುಕೊಳ್ಳುವ ಸಣ್ಣ ಪೆಟ್ಟಿಗೆ. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು. ಸಂಜೆ ಹೊತ್ತಿಗೆ ಎರಡು ಪ್ಯಾಚು ಬೆವರಿಗೆ ಕಿತ್ತು ಬಂದವು, ಉಳಿದ ಕಡೆ ಕೆರೆತ. "ಇನ್ನೊಮ್ಮೆ ಇದನ್ನ ಹಚ್ಚಬ್ಯಾಡಪ್ಪಾ" ಅಂದುಬಿಟ್ಟರು.

ನಾನು ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವನು. ಅಂಟಿಸುವ ಬದಲು ಬನಿಯನ್ನಿಗೇ ಹೊಲಿದರೆ ಹೇಗೆ ಅನ್ನಿಸಿತು. ಸರ್ಕ್ಯೂಟ್ ಎರಡು ಸಂಜೆಯಲ್ಲಿ ಮುಗಿಯಿತು. ಎಡಿ8232 ಚಿಪ್ ಇರುವ ಸಣ್ಣ ಬೋರ್ಡು, ಇಎಸ್‌ಪಿ32 ಅನ್ನುವ ಬ್ಲೂಟೂತ್ ಇರುವ ಒಂದು ಪುಟಾಣಿ ಕಂಪ್ಯೂಟರ್, ಪುಟ್ಟ ಲಿಥಿಯಂ ಬ್ಯಾಟರಿ. ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್. ಚಿಪ್ ಅದನ್ನು ದೊಡ್ಡದು ಮಾಡುತ್ತದೆ, ಇಎಸ್‌ಪಿ32 ಸೆಕೆಂಡಿಗೆ 250 ಸಲ ಅಳೆದು ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುತ್ತದೆ. ಒಂದು ಮಾತು: ಇದು ಮೈಮೇಲೆ ಇರುವಾಗ ಚಾರ್ಜರ್ ಸಿಕ್ಕಿಸಲೇಬಾರದು. ಕರೆಂಟಿನ ಜೊತೆ ಎದೆಗೆ ಯಾವ ತಂತಿಯ ಸಂಬಂಧವೂ ಇರಬಾರದು.

ನನ್ನನ್ನು ಸೋಲಿಸಿದ್ದು ಬಟ್ಟೆ. ಬೆಳ್ಳಿ ಲೇಪದ ನೈಲಾನ್ ದಾರ ತರಿಸಿ ಮನೆಯ ಮಿಷನ್ನಲ್ಲಿ ಕೂತೆ. ನಾಲ್ಕು ಬೆರಳು ಹೊಲಿಯುವಷ್ಟರಲ್ಲಿ ಪಟ್ ಅಂತ ಹರಿಯುತ್ತಿತ್ತು. ಹೇಗೋ ಮುಗಿಸಿ ತೊಡಿಸಿದೆ. ಅಪ್ಪ ಚಹಾ ಲೋಟ ಎತ್ತಿದರೆ ಸಾಕು, ಫೋನಿನಲ್ಲಿ ಗೆರೆ ಬೆಟ್ಟ ಹತ್ತಿ ಇಳಿಯುತ್ತಿತ್ತು.

ಕೊನೆಗೆ ಕೌಲ್ ಬಜಾರಿನ ಟೈಲರ್ ಒಬ್ಬರ ಹತ್ತಿರ ಹೋದೆ. ಹಗಲೆಲ್ಲ ಜೀನ್ಸ್ ಹೊಲಿಯುವ ಕೈ. ನನ್ನ ಬನಿಯನ್ನನ್ನು ತಿರುವಿ ಹಾಕಿ ನೋಡಿ, ನಗು ತಡೆದುಕೊಂಡರು. "ಸಾರ್, ಈ ದಾರ ಮ್ಯಾಲೆ ಹಾಕಬ್ಯಾಡ್ರಿ, ಬಾಬಿನ್‌ನಾಗೆ ಹಾಕ್ರಿ." ಮೇಲಿನ ದಾರ ಸೂಜಿ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಉಜ್ಜಿಕೊಂಡ ಮೇಲೇ ಬಟ್ಟೆಗೆ ಕೂರುತ್ತದಂತೆ. ಬೆಳ್ಳಿ ಅಲ್ಲೇ ಸವೆಯುತ್ತಿತ್ತು. ಬಾಬಿನ್, ಅಂದರೆ ಮಿಷನ್ನಿನ ಕೆಳಗಿನ ಉರುಳೆಯ ದಾರಕ್ಕೆ ಆ ಕಾಟ ಇಲ್ಲ. ಎಳೆದರೆ ಹಿಗ್ಗುವ ಬಟ್ಟೆ ಅಂತ ನೇರ ಹೊಲಿಗೆ ಬಿಟ್ಟು ಜಿಗ್‌ಜಾಗ್ ಹಾಕಿದರು.

ಆಮೇಲೆ ಕೇಳಿದ್ದು, "ಅಳತೆ ಯಾರು ತಗಂಡಿದ್ದು? ಅಪ್ಪಾರ್ನ ಕರ್ಕಂಡು ಬರ್ರಿ." ಟೇಪು ಹಿಡಿದು ಎರಡು ಅಳತೆ ತೆಗೆದರು, ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು. ಪಟ್ಟಿ ಕತ್ತರಿಸಿದ್ದು ಬಿಟ್ಟಾಗಿನ ಅಳತೆಗೆ. ಉಸಿರು ಬಿಟ್ಟಾಗ ಬಟ್ಟೆ ಸಡಿಲವಾಗಿಯೇ ನನ್ನ ಗೆರೆ ಅಲೆಯುತ್ತಿತ್ತು ಅಂತ ನನಗೆ ಆಗ ಹೊಳೆಯಿತು. ಎದೆಯ ಕೆಳಗೆ ಅಗಲ ಎಲಾಸ್ಟಿಕ್, ಅದರ ಒಳಗೆ ಬೆಳ್ಳಿ ಬಟ್ಟೆಯ ಮೂರು ತುಂಡು. ತುಂಡುಗಳ ಹಿಂದೆ ಭುಜದ ಪ್ಯಾಡಿನ ಸ್ಪಂಜು, ಚರ್ಮಕ್ಕೆ ಒತ್ತಿಕೊಂಡಿರಲಿ ಅಂತ. ಬೋರ್ಡಿನ ತಂತಿ ಸಿಕ್ಕಿಸಲು ಟಿಚ್ ಬಟನ್. ಆಸ್ಪತ್ರೆಯ ಇಸಿಜಿ ಪ್ಯಾಚಿನ ಮೇಲಿರುವುದೂ ಅದೇ ಜಾತಿಯ ಬಟನ್ ಅಲ್ವಾ, ಅಳತೆ ಕೂಡುವಂಥದ್ದನ್ನು ಅವರೇ ಡಬ್ಬಿ ಕೆದಕಿ ಹುಡುಕಿದರು.

ಈಗ ಗೆರೆ ಅಲೆಯುವುದು ನಿಂತಿತು. ಆದರೂ ಬೆಳಗ್ಗೆ ಚರ್ಮ ಒಣಗಿದ್ದಾಗ ಏನೂ ಬರುತ್ತಿರಲಿಲ್ಲ. ಇಸಿಜಿಗೆ 1924ರಲ್ಲಿ ನೊಬೆಲ್ ಪಡೆದ ಐಂಥೋವನ್, ರೋಗಿಗಳ ಕೈಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿಸಿ ಕೂರಿಸುತ್ತಿದ್ದರು. ನಾನು ತುಂಡುಗಳ ಮೇಲೆ ಒದ್ದೆ ಬೆರಳು ಸವರಿದೆ, ಸಾಕಾಯಿತು. ಹನ್ನೊಂದು ಗಂಟೆ ಮೇಲೆ ಅದೂ ಬೇಡ, ನಮ್ಮೂರಲ್ಲಿ ಉಪ್ಪುನೀರು ಮೈಯಿಂದಲೇ ಬರುತ್ತದೆ. ಬೆವರು ಜಾಸ್ತಿಯಾದರೆ ಮಾತ್ರ ಪಟ್ಟಿಯೆಲ್ಲ ನೆನೆದು ಎರಡು ತುಂಡುಗಳ ನಡುವೆ ಸಿಗ್ನಲ್ ಹರಿಯುವ ದಾರಿ ಆಗಿ ಅಲೆಗಳು ಕುಗ್ಗಿಬಿಡುತ್ತವೆ. ನಡುವೆ ನೀರು ಹೀರದ ಪಾಲಿಸ್ಟರ್ ಜಾಳಿಗೆ ಬಟ್ಟೆ ಹಾಕಿಸಿದೆ. ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಮೊದಲ ಬನಿಯನ್ ಸತ್ತಿದ್ದು ಅಮ್ಮನ ಕೈಯಲ್ಲಿ. ಬಿಳಿ ಬಟ್ಟೆ ಜೊತೆ ಬ್ಲೀಚಿಂಗ್ ನೀರಿಗೆ ಹಾಕಿದ್ದರು. ಮಲ್ಟಿಮೀಟರ್ ಹಿಡಿದರೆ ದಾರದಲ್ಲಿ ಕರೆಂಟೇ ಹರಿಯದು, ಕ್ಲೋರಿನ್ ಬೆಳ್ಳಿಯನ್ನು ತಿಂದಿತ್ತು. ಪಾಪ, ನಾನು ಹೇಳಿರಲಿಲ್ಲ. ಈಗ ಬೇರೆ ಬಕೆಟ್, ಒಂದು ಚಮಚ ಶಾಂಪೂ, ನೆರಳಿನಲ್ಲಿ ಒಣಗಿಸುವುದು.

ಒಂದು ರಾತ್ರಿ ಊಟ ಆಗಿ ಅಪ್ಪ ಕೂತಿದ್ದರು. "ಈಗ ನೋಡು" ಅಂದರು. ಬಡಿತದ ನಡುವಿನ ಅಂತರ 0.8 ಸೆಕೆಂಡಿನಂತೆ ಬರುತ್ತಿತ್ತು, ಅಂದರೆ ನಿಮಿಷಕ್ಕೆ 75. ನಡುವೆ ಒಂದು 0.5ಕ್ಕೇ ಬಂತು. ಆಮೇಲೆ ಉದ್ದನೆಯ ಖಾಲಿ. ಮತ್ತೆ ಮಾಮೂಲಿ. ಅವರು "ಈಗ" ಅನ್ನುವುದೂ ಆ ಖಾಲಿಯೂ ಮೂರು ಸಲ ಒಟ್ಟಿಗೇ ಬಂದವು. ನನ್ನ ಎದೆಯೂ ಡವಡವ ಅಂದಿತು ಅನ್ನಿ.

ಡಾಕ್ಟರಿಗೆ ತೋರಿಸಿದೆ. ಒಂದೇ ಲೀಡಿನ, ಅಂದರೆ ಹೃದಯವನ್ನು ಒಂದೇ ಕಡೆಯಿಂದ ನೋಡುವ ಮನೆಯ ಸಾಧನ, ಇದರಲ್ಲಿ ಕಾಯಿಲೆ ತೀರ್ಮಾನಿಸಲು ಆಗಲ್ಲ, ಹಾರ್ಟ್ ಅಟ್ಯಾಕ್ ಇದೆಯೋ ಇಲ್ಲವೋ ಇದು ಹೇಳಲ್ಲ ಅಂದರು. ಎದೆನೋವು ಬಂದರೆ ಫೋನ್ ನೋಡುತ್ತಾ ಕೂರಬೇಡಿ, ಸೀದಾ ಬನ್ನಿ ಅಂತಲೂ ಹೇಳಿದರು. ಆದರೆ ಯಾವ ಹೊತ್ತಿಗೆ ಆಗುತ್ತದೆ ಅನ್ನುವುದು ಅವರಿಗೆ ಬೇಕಿತ್ತು. ಡಿಸೆಂಬರ್‌ನಲ್ಲಿ ಮತ್ತೆ ಹಾಲ್ಟರ್ ಕಟ್ಟಿದರು. ಚಳಿಗೆ ಪ್ಯಾಚು ನಿಂತವು. ಹೊತ್ತಿಗೆ ಮುಂಚೆ ಬರುವ ಬಡಿತಗಳು ಸಿಕ್ಕವು, ಅಪ್ಪನ ಮಟ್ಟಿಗೆ ಗಾಬರಿ ಬೇಡ ಅಂದರು.

ಅಪ್ಪ ವಾಕಿಂಗ್ ಹೋದಾಗಿನ ಗೆರೆ ಈಗಲೂ ಕೆಲಸಕ್ಕೆ ಬರುವುದಿಲ್ಲ. ಕೈ ಬೀಸಿದಾಗ ಸ್ನಾಯುಗಳ ಸಿಗ್ನಲ್ ಬೆರೆಯುತ್ತದೆ, ಬಟ್ಟೆಯೂ ಜರುಗುತ್ತದೆ. ಕೂತಾಗಿನದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಸದ್ಯದ ತಕರಾರು ಬೇರೆ: ಬಿಗಿ ಬನಿಯನ್ ತಲೆಯಿಂದ ಇಳಿಸಲು ಅಪ್ಪನಿಗೆ ಕೈ ಏಳುವುದಿಲ್ಲ. ಮುಂದಿನದಕ್ಕೆ ಪಕ್ಕದಲ್ಲಿ ಜೀನ್ಸಿನ ಜಿಪ್ ಇಡ್ತೀನಿ ಅಂದರು ಮಾಸ್ಟರ್. ಲೋಹದ್ದು ಬ್ಯಾಡ ಮಾಸ್ಟರ್, ಪ್ಲಾಸ್ಟಿಕ್ಕಿಂದು ಹಾಕ್ರಿ ಅಂದೆ.