ಐರಿಷ್ ಜಾನಪದ ಕುಟುಂಬ ತಂಡವೊಂದನ್ನು ಮೈಸೂರಿನ ರಂಗಮಂದಿರಕ್ಕೆ ಕರೆಸುವ ಬಗೆ

ಹಲವು ದಶಕಗಳಿಂದ ಒಂದೇ ಮನೆಯವರು ಕೂಡಿ ಹಾಡುತ್ತ, ನುಡಿಸುತ್ತ ಬಂದಿರುವ ಐರಿಷ್ ಜಾನಪದ ತಂಡವೊಂದನ್ನು ಮೈಸೂರಿಗೆ ಕರೆಸಲು ಹೊರಟ ಸಂಘದವರು ದಿನಾಂಕಕ್ಕಿಂತ ಮೊದಲು ಸಭಾಂಗಣವನ್ನು ನಿರ್ಧರಿಸಿಕೊಳ್ಳಬೇಕು. ಈ ಸಂಗೀತ ಬೆಳೆದದ್ದು ಮನೆಯ ಒಲೆಯ ಸುತ್ತ ಮತ್ತು ಹಳ್ಳಿಯ ಪಬ್ಬುಗಳಲ್ಲಿ. 1970ರಲ್ಲಿ ಡೊನೆಗಾಲ್ ಪ್ರಾಂತದ ಗ್ವೀಡೋರ್‌ನಲ್ಲಿ ಶುರುವಾದ ಕ್ಲ್ಯಾನಡ್ ತಂಡದಲ್ಲಿ ಇದ್ದವರು ಮೂವರು ಒಡಹುಟ್ಟಿದವರು ಮತ್ತು ಅವರ ಅವಳಿ ಸೋದರಮಾವಂದಿರು. ಅವರ ಮೊದಲ ವೇದಿಕೆ ತಂದೆಯ ಪಬ್ಬೇ ಆಗಿತ್ತು. ಡಬ್ಲಿನ್ ನಗರದ ಫ್ಯೂರಿ ಸಹೋದರರೂ ತಂದೆಯ ವಾದ್ಯವನ್ನು ಕೇಳುತ್ತಲೇ ಬೆಳೆದವರು. ಇಂಥ ಸಂಗೀತವನ್ನು ಸಾವಿರ ಜನರ ಸಭಾಂಗಣಕ್ಕೆ ಹಾಕಿದರೆ ಹಿಂದಿನ ಸಾಲಿನವರಿಗೆ ಶಬ್ದವೇನೋ ತಲುಪುತ್ತದೆ, ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡಿ ಲಯ ಬದಲಿಸುವ ಆ ಮನೆಮಂದಿಯ ಹೊಂದಾಣಿಕೆ ಕಾಣುವುದಿಲ್ಲ. ಆದ್ದರಿಂದ ಕಲಾಮಂದಿರದ ದೊಡ್ಡ ಸಭಾಂಗಣ ಖಾಲಿ ಇದ್ದರೂ, ಅದರ ಪಕ್ಕದಲ್ಲೇ ಇರುವ ರಂಗಾಯಣದ ಭೂಮಿಗೀತದಂಥ ಚಿಕ್ಕ ರಂಗಮಂದಿರವನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಜನ ಹೆಚ್ಚಾಗಬಹುದೆನಿಸಿದರೆ ದೊಡ್ಡ ಸಭಾಂಗಣಕ್ಕೆ ಹೋಗುವ ಬದಲು ಎರಡು ಪ್ರದರ್ಶನ ಇಟ್ಟುಕೊಳ್ಳಿ. ವನರಂಗದಂಥ ಬಯಲು ರಂಗಮಂದಿರ ಆಕರ್ಷಕವೇ. ಆದರೆ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ, ಹಾರ್ಪ್‌ನಂಥ ಮೆಲುದನಿಯ ತಂತಿವಾದ್ಯ ಗಾಳಿಯಲ್ಲಿ ಕರಗಿಹೋಗುತ್ತದೆ.

ತಿಂಗಳನ್ನು ಆರಿಸುವಾಗ ದಸರಾ ದಿನಗಳನ್ನು ಬಿಟ್ಟುಬಿಡಬೇಕೆಂಬುದನ್ನು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ ಹವೆಯ ತೇವ. ಐರ್ಲೆಂಡಿನ ಇಲ್ಲಿನ್ ಪೈಪ್ಸ್ ಎಂಬ ವಾದ್ಯವನ್ನು ಬಾಯಿಂದ ಊದುವುದಿಲ್ಲ. ಬಲ ಮೊಣಕೈಯ ಅಡಿಯಲ್ಲಿರುವ ತಿದಿಯಿಂದ ಗಾಳಿ ತುಂಬಿ, ಎಡ ಮೊಣಕೈಯಿಂದ ಚೀಲವನ್ನು ಒತ್ತಿ ನುಡಿಸುತ್ತಾರೆ. ನಾಗಸ್ವರದ ಸೀವಾಳಿಯನ್ನು, ಅಂದರೆ ಊದುವ ನಾಲಿಗೆಯನ್ನು, ವಾದಕರು ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳಬಹುದು. ಇಲ್ಲಿ ಜೊಂಡಿನ ನಾಲಿಗೆಗೆ ಆ ಅನುಕೂಲವಿಲ್ಲದ ಕಾರಣ ಒಣಹವೆಯಲ್ಲಿ ಅದು ಸ್ವರ ತಪ್ಪುತ್ತದೆ, ಕೆಲವೊಮ್ಮೆ ಮೂಕವಾಗಿಬಿಡುತ್ತದೆ. ಆಡಿನ ಚರ್ಮದ ಬೌರಾನ್ ಎಂಬ ಚೌಕಟ್ಟಿನ ವಾದ್ಯದ್ದೂ ಇದೇ ಪಾಡು: ತೇವ ಹೆಚ್ಚಾದರೆ ಸಡಿಲಾಗುತ್ತದೆ, ಒಣಗಿದರೆ ಬಿಗಿಯುತ್ತದೆ, ಬಿಗಿದಾಗ ನಮ್ಮ ಖಂಜಿರ ವಾದಕರ ಹಾಗೆಯೇ ಅವರೂ ನೀರು ಸವರುತ್ತಾರೆ. ಹೀಗಾಗಿ ಮಳೆಗಾಲ ಮುಗಿದು ಬಿರುಬೇಸಿಗೆ ಇನ್ನೂ ದೂರವಿರುವ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳೇ ಸೂಕ್ತ. ವಾದ್ಯಗಳನ್ನು ಇಡುವ ಕೋಣೆಯಲ್ಲಿ ಎಸಿ ಹಾಕಬಾರದು. ಒಂದು ಬಕೆಟ್ ನೀರು, ಒದ್ದೆ ಟವೆಲ್ ಇಟ್ಟರೆ ಸಾಕು.

ಕಾಗದಪತ್ರಗಳ ಕೆಲಸ ಬೇಸರದ್ದಾದರೂ ತಿಂಗಳುಗಟ್ಟಲೆ ಮೊದಲೇ ಆಗಬೇಕು. ಸಂಭಾವನೆ ಪಡೆದು ಹಾಡುವವರು ಪ್ರವಾಸಿ ವೀಸಾದ ಮೇಲೆ ಬರುವಂತಿಲ್ಲ. ಅವರಿಗೆ ಕೊಡುವ ಹಣದಲ್ಲಿ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ಇವೆರಡನ್ನೂ ಲೆಕ್ಕ ಪರಿಶೋಧಕರೊಬ್ಬರ ಬಳಿ ಕುಳಿತು ಇತ್ಯರ್ಥ ಮಾಡಿಕೊಂಡ ನಂತರವೇ ಮೊತ್ತವನ್ನು ಒಪ್ಪಿಕೊಳ್ಳಿ. ಪತ್ರವ್ಯವಹಾರ ತಂಡದ ಒಬ್ಬರ ಜೊತೆಗೆ ಮಾತ್ರ ಇರಲಿ. ಕುಟುಂಬದ ತಂಡದಲ್ಲಿ ಅಣ್ಣನಿಗೊಂದು ಕೇಳಿ, ತಂಗಿಗೆ ಇನ್ನೊಂದು ಕೇಳಿದರೆ ಮನೆಯೊಳಗಿನ ಚರ್ಚೆಗೆ ನೀವು ಕಾರಣರಾಗುತ್ತೀರಿ.

ತಂಡದವರು ಬೆಂಗಳೂರಿನಲ್ಲಿ ಇಳಿಯುವುದಾದರೆ, ದೇವನಹಳ್ಳಿಯಿಂದ ಮೈಸೂರಿನವರೆಗೆ ಅರ್ಧ ದಿನವೇ ಹೋಗುತ್ತದೆಂದು ಲೆಕ್ಕ ಹಾಕಿ, ಬಂದಿಳಿದ ದಿನವೇ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ದೀರ್ಘಕಾಲದ ತಂಡವೆಂದರೆ ಅದರಲ್ಲಿ ಎಪ್ಪತ್ತು ದಾಟಿದವರೂ ಇರಬಹುದು. ಅವರಿಗೆ ನೆಲಮಹಡಿಯ ಕೋಣೆ, ವೇದಿಕೆಗೆ ಹಿಡಿಕೆಯುಳ್ಳ ಮೆಟ್ಟಿಲು ಬೇಕಾಗುತ್ತದೆ. ಐರ್ಲೆಂಡಿನ ವಿದ್ಯುತ್ ಒತ್ತಡ ನಮ್ಮದರಂತೆಯೇ 230 ವೋಲ್ಟ್. ಆದರೆ ಅವರ ಪ್ಲಗ್ಗಿನ ಮೂರು ಪಿನ್ನುಗಳು ಚಪ್ಪಟೆ. ಅಡಾಪ್ಟರುಗಳನ್ನು ಮೊದಲೇ ತಂದಿಡಿ.

ವೇದಿಕೆಯ ವಿಷಯದಲ್ಲಿ ಎಷ್ಟು ಜಾಗರೂಕರಾದರೂ ಕಡಿಮೆಯೇ. ನಮ್ಮ ಕಛೇರಿಗಳಿಗೆ ಹಾಸುವ ಜಮಖಾನ ಇಲ್ಲಿ ಬೇಡ. ಪೈಪ್ಸ್, ಪಿಟೀಲು, ಬೌರಾನ್ ನುಡಿಸುವವರು ಕುರ್ಚಿಯ ಮೇಲೆ ಕುಳಿತು ನುಡಿಸುತ್ತಾರೆ, ಮತ್ತು ಮೊಣಕೈ ಆಡಿಸಬೇಕಾದುದರಿಂದ ಕುರ್ಚಿಗೆ ಕೈಗಳಿರಬಾರದು. ಶಾಮಿಯಾನದವರು ಕಳುಹಿಸುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೆಚ್ಚಿನವಕ್ಕೆ ಕೈಗಳಿರುವುದರಿಂದ ಇದನ್ನು ಬರೆದುಕೊಟ್ಟೇ ತರಿಸಬೇಕು. ಕುರ್ಚಿಗಳನ್ನು ಸಾಲಾಗಿ ಜೋಡಿಸದೆ, ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ ಅರ್ಧವರ್ತುಲದಲ್ಲಿ ಹಾಕಿ. ತಂಡದಲ್ಲಿ ಹೆಜ್ಜೆನೃತ್ಯ ಮಾಡುವ ಮಕ್ಕಳಿದ್ದರೆ ಗಟ್ಟಿ ಪ್ಲೈವುಡ್ ಹಲಗೆಯೊಂದನ್ನು ಅಲುಗಾಡದಂತೆ ಕೂರಿಸಿ, ಅದರ ಬಳಿ ನೆಲಮಟ್ಟದಲ್ಲಿ ಒಂದು ಮೈಕ್ ಇಡಬೇಕು; ಆ ನೃತ್ಯದಲ್ಲಿ ಪಾದದ ಸದ್ದೇ ತಾಳವಾದ್ಯ.

ಮೈಕ್ ಸೆಟ್‌ನವರೊಂದಿಗೆ ಸಂಘಟಕರೇ ಕುಳಿತು ಮಾತನಾಡಬೇಕು. ಪೈಪ್ಸ್‌ಗೆ ಎರಡು ಮೈಕ್ ಬೇಕು, ಒಂದು ಸ್ವರ ನುಡಿಯುವ ಕೊಳವೆಗೆ, ಇನ್ನೊಂದು ಶ್ರುತಿ ಹಿಡಿಯುವ ಕೊಳವೆಗಳಿಗೆ. ಬೌರಾನ್‌ಗೆ ಹಿಂಬದಿಯಿಂದ ಮೈಕ್ ಇಟ್ಟರೆ ಅದರ ಮಂದ್ರದ ದನಿ ಚೆನ್ನಾಗಿ ಸಿಗುತ್ತದೆ, ಆದರೆ ಸ್ವಲ್ಪ ಜಾಸ್ತಿಯಾದರೂ ಉಳಿದ ವಾದ್ಯಗಳನ್ನು ಅದು ನುಂಗಿಬಿಡುತ್ತದೆ. ಕೇಳದಿದ್ದರೂ ಎಕೋ ಹಾಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ರೀಲ್ ಎಂಬ ವೇಗದ ಧಾಟಿಗಳಲ್ಲಿ ಎಕೋ ಬೆರೆತರೆ ಸ್ವರಗಳೆಲ್ಲ ಕಲಸಿಹೋಗುತ್ತವೆ. ಸೌಂಡ್ ಚೆಕ್‌ಗೆ ಎರಡು ಗಂಟೆ ಮೀಸಲಿಟ್ಟು, ಆ ವೇಳೆಯಲ್ಲಿ ಬ್ಯಾನರ್ ಕಟ್ಟುವವರನ್ನೂ ದೀಪ ಜೋಡಿಸುವವರನ್ನೂ ವೇದಿಕೆಗೆ ಬಿಡಬೇಡಿ.

ಇನ್ನು ಸಭಿಕರನ್ನು ಸಿದ್ಧಪಡಿಸುವ ಕೆಲಸ. ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಕೇಳಿದ ಊರಿದು, ಇಲ್ಲಿನ ಕೇಳುಗರಿಗೆ ಪಿಟೀಲನ್ನು ಪರಿಚಯಿಸಬೇಕಿಲ್ಲ. ಆದರೆ ಐರಿಷ್ ಧಾಟಿಗಳ ರಚನೆಯನ್ನು ಕನ್ನಡದ ಒಂದು ಪುಟದ ಕರಪತ್ರದಲ್ಲಿ ವಿವರಿಸಿದರೆ ಆಲಿಸುವಿಕೆ ಬಹಳ ಸುಲಭವಾಗುತ್ತದೆ. ಸಾಮಾನ್ಯವಾಗಿ ಒಂದು ಧಾಟಿಗೆ ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ಪ್ರತಿ ಭಾಗವನ್ನೂ ಎರಡು ಸಲ ನುಡಿಸುತ್ತಾರೆ. ಧಾಟಿ ಎರಡು ಮೂರು ಸಲ ಸುತ್ತಿದ ಮೇಲೆ ನಿಲ್ಲಿಸದೆಯೇ ಇನ್ನೊಂದಕ್ಕೆ ಜಾರುತ್ತಾರೆ. ಆ ಜಾರುವಿಕೆಯನ್ನು ಮುಕ್ತಾಯವೆಂದು ತಿಳಿದು ಚಪ್ಪಾಳೆ ತಟ್ಟಬಾರದೆಂದು ಬರೆಯಿರಿ. ರೀಲ್ ನಾಲ್ಕರ ಎಣಿಕೆಯದು. ಜಿಗ್ ಎಂಬ ಇನ್ನೊಂದು ಬಗೆಯ ಧಾಟಿಗೆ ‘ತಕಿಟ ತಕಿಟ’ ಎಂದೂ ಸ್ಲಿಪ್ ಜಿಗ್‌ಗೆ ‘ತಕಿಟ ತಕಿಟ ತಕಿಟ’ ಎಂದೂ ತೊಡೆಯ ಮೇಲೆ ಹಾಕಿಕೊಂಡರೆ ಸರಿಹೊಂದುತ್ತದೆ. ಅವರ ಸ್ವರಶ್ರೇಣಿಗಳಲ್ಲಿ ಕೆಲವು ನಮ್ಮ ಖರಹರಪ್ರಿಯ, ಹರಿಕಾಂಭೋಜಿ ರಾಗಗಳ ಸ್ವರಸ್ಥಾನಗಳಲ್ಲೇ ಇವೆ ಎಂಬುದನ್ನು ಸಂಗೀತ ಬಲ್ಲವರು ತಾವಾಗಿಯೇ ಗುರುತಿಸುತ್ತಾರೆ. ಶಾನ್ ನೋಸ್ ಎಂಬ ಹಳೆಯ ಗಾಯನಕ್ಕೆ ಮಾತ್ರ ಪಕ್ಕವಾದ್ಯವೂ ಇಲ್ಲ, ತಾಳವೂ ಇಲ್ಲ. ಗಾಯಕರು ಕೆಲವೊಮ್ಮೆ ಕೊನೆಯ ಸಾಲನ್ನು ಹಾಡದೆ ಮಾತಿನಂತೆ ನುಡಿದು ಮುಗಿಸುವುದುಂಟು. ಆಗ ಸಭೆ ನಿಶ್ಶಬ್ದವಾಗಿರಬೇಕು. ಹಾಡುಗಳ ಸಾರಾಂಶವನ್ನು ಕರಪತ್ರದಲ್ಲಿ ಎರಡೆರಡು ಸಾಲುಗಳಲ್ಲಿ ಕೊಡಿ. 1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ದೇಶ ಬಿಟ್ಟುಹೋದ ಹಿನ್ನೆಲೆ ತಿಳಿಯದಿದ್ದರೆ, ಹಡಗು ಹತ್ತುವ ಹಾಡುಗಳು ಇಷ್ಟೊಂದು ಏಕಿವೆ ಎಂಬುದು ಯಾರಿಗೂ ಅರ್ಥವಾಗದು.

ಸ್ಥಳೀಯರದೂ ಒಂದು ಪಾಲು ಇರಲೆಂದು ಸಂಘದವರು ಬಯಸುವುದು ಸಹಜ. ಕಂಸಾಳೆಯೊಂದಿಗೆ ಜುಗಲ್‌ಬಂದಿ ಎಂಬ ಸಲಹೆ ಖಂಡಿತ ಬರುತ್ತದೆ. ಒಂದು ಇಡೀ ದಿನದ ತಾಲೀಮಿಗೆ ಎರಡೂ ತಂಡಗಳು ಒಪ್ಪದಿದ್ದರೆ ಅದನ್ನು ಕೈಬಿಡುವುದೇ ಲೇಸು, ಏಕೆಂದರೆ ಕಂಚಿನ ತಾಳಗಳ ಎದುರು ಹಾರ್ಪ್ ನಿಲ್ಲಲಾರದು. ಅದರ ಬದಲು ಕಾರ್ಯಕ್ರಮದ ಆರಂಭದಲ್ಲಿ ಸಂಗೀತ ವಿದ್ಯಾರ್ಥಿಗಳಿಂದ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ಕೃತಿಗಳನ್ನು ಹತ್ತು ನಿಮಿಷ ಹಾಡಿಸಬಹುದು. ಬ್ರಿಟನ್, ಐರ್ಲೆಂಡ್ ದ್ವೀಪಗಳ ಕಡೆಯಿಂದ ಬಂದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಆ ರಚನೆಗಳನ್ನು ಕೇಳಿದ ಅತಿಥಿಗಳು ಬೆರಗಾಗುವುದರಲ್ಲಿ ಅನುಮಾನವಿಲ್ಲ.

ಕಾರ್ಯಕ್ರಮವನ್ನು ನಲವತ್ತೈದು ನಿಮಿಷಗಳ ಎರಡು ಭಾಗ ಮಾಡಿ, ನಡುವೆ ಕಾಫಿಗೆ ಬಿಡಿ. ಭಾಷಣಗಳನ್ನು ಆರಂಭದ ಐದು ನಿಮಿಷಕ್ಕೆ ಸೀಮಿತಗೊಳಿಸಿ. ಮುಖ್ಯ ಅತಿಥಿಗಳು ತಡವಾಗಿ ಬಂದರೆಂದು ನಡುವೆ ವಾದನ ನಿಲ್ಲಿಸಿ ಸನ್ಮಾನಿಸುವ ಪದ್ಧತಿ ಇಲ್ಲಿ ಬೇಡ. ಶಾಲು, ಮೈಸೂರು ಪೇಟ, ಹಾರಗಳೆಲ್ಲ ಕೊನೆಯಲ್ಲಿ, ವಾದ್ಯಗಳು ಪೆಟ್ಟಿಗೆ ಸೇರಿದ ಮೇಲೆ ಬರಲಿ, ಏಕೆಂದರೆ ಹೂವಿನ ಹಾರದಿಂದ ಜಿನುಗುವ ನೀರು ಪಿಟೀಲಿನ ಮೆರುಗಿಗೆ ಹಾನಿ ಮಾಡುತ್ತದೆ. ಪೇಟವನ್ನು ಹಿರಿಯರಿಗೆ ಮಾತ್ರ ತೊಡಿಸದೆ, ಮೂಲೆಯಲ್ಲಿ ಕೊಳಲು ನುಡಿಸಿದ ಮೊಮ್ಮಗಳ ತಲೆಯ ಅಳತೆಗೂ ಒಂದನ್ನು ಮೊದಲೇ ಹೇಳಿ ಮಾಡಿಸಿಡಿ.