ಮಳೆಗಾಲಕ್ಕೆ ಮುಂಚೆ ವರ್ಷದ ದಿನಸಿ: ನಮ್ಮ ಮನೆಯ ಲೆಕ್ಕ

ನಾಲ್ಕು ಜನರ ಸಂಸಾರ, ಊರು ತುಮಕೂರು, ತಿಂಗಳ ಆದಾಯ 30,000 ರೂಪಾಯಿಯ ಒಳಗೆ. ಇಷ್ಟರಲ್ಲಿ ಬಾಡಿಗೆ, ಶಾಲೆಯ ಫೀಸು, ಔಷಧಿಯ ಖರ್ಚು ನಮ್ಮ ಮಾತು ಕೇಳುವುದಿಲ್ಲ. ನಾವು ಅಂದುಕೊಂಡಂತೆ ಮಾಡಲು ಸಾಧ್ಯವಿರುವುದು ಅಡುಗೆಮನೆಯಲ್ಲಿ ಮಾತ್ರ. ಅಲ್ಲೂ ಬೇಳೆ ಕಡಿಮೆ ಹಾಕಿ ಸಾರು ತೆಳ್ಳಗೆ ಮಾಡುವ ದಾರಿ ನಮಗೆ ಒಪ್ಪಿಗೆಯಿಲ್ಲ. ಹೊಟ್ಟೆತುಂಬ, ರುಚಿಯಾಗಿ ಉಂಡು ದುಡ್ಡು ಉಳಿಸುವ ದಾರಿ ಹಿಂದಿನವರು ಮಾಡುತ್ತಿದ್ದದ್ದೇ: ಸುಗ್ಗಿಯಲ್ಲಿ ಕೊಂಡು, ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ, ವರ್ಷಪೂರ್ತಿ ಕೆಡದಂತೆ ಇಟ್ಟುಕೊಳ್ಳುವುದು. ಕೊಳ್ಳುವುದು ಯಾರಿಗಾದರೂ ಬರುತ್ತದೆ. ಕೆಡದಂತೆ ಇಡುವುದರಲ್ಲಿ ಕೆಲಸವಿದೆ. 36 ಕಿಲೋ ಬೇಳೆಯಲ್ಲಿ 5 ಕಿಲೋಗೆ ಹುಳ ಬಿದ್ದರೆ ಸಗಟಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಮೊದಲು ದುಡ್ಡಿನ ಮಾತು. ಫೆಬ್ರವರಿಯಲ್ಲಿ ಒಟ್ಟಿಗೆ ಇಪ್ಪತ್ತು ಸಾವಿರ ಎಲ್ಲಿಂದ ತರುವುದು ಎಂದೇ ಹೆಚ್ಚಿನವರು ಈ ಕೆಲಸಕ್ಕೆ ಕೈಹಾಕುವುದಿಲ್ಲ. ನಾವು ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿ ಕಟ್ಟುತ್ತೇವೆ, ತಿಂಗಳಿಗೆ 2,000. ಫೆಬ್ರವರಿಯಲ್ಲಿ ಶುರು ಮಾಡಿದರೆ ಮುಂದಿನ ಫೆಬ್ರವರಿಗೆ 24,000 ಮತ್ತು ಬಡ್ಡಿ ಕೈಗೆ ಬರುತ್ತದೆ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, ಇದಕ್ಕೆ ಆಗಿಬರುವುದಿಲ್ಲ. ಮೊದಲ ವರ್ಷ ಕೈಯಲ್ಲಿ ದುಡ್ಡಿರುವುದಿಲ್ಲವಾದ್ದರಿಂದ ಹುಣಸೇಹಣ್ಣು, ಮೆಣಸಿನಕಾಯಿ ಎರಡನ್ನೇ ಕೊಂಡರೆ ಸಾಕು. ಅವು ಮನೆಯಲ್ಲಿದ್ದ ಮೇಲೆ ತಿಂಗಳ ಅಂಗಡಿ ಚೀಟಿ ಆ ಮಟ್ಟಿಗೆ ಇಳಿಯುತ್ತದೆ, ಇಳಿದ ದುಡ್ಡನ್ನು ಆರ್‌ಡಿಗೆ ಸೇರಿಸಬೇಕು. ಎರಡನೇ ವರ್ಷ ಬೇಳೆ, ಮೂರನೇ ವರ್ಷ ರಾಗಿ, ಅಕ್ಕಿ. ಒಡವೆ ಅಡವಿಟ್ಟೋ ಕ್ರೆಡಿಟ್ ಕಾರ್ಡಿನ ಕಂತಿನಲ್ಲೋ ದಿನಸಿ ಕೂಡಿಡಬೇಡಿ. ಸಗಟಿನಲ್ಲಿ ಸಿಗುವ ಲಾಭವನ್ನು ಬಡ್ಡಿಯೇ ತಿಂದುಹಾಕುತ್ತದೆ.

ನಾಲ್ಕು ಜನಕ್ಕೆ ನಮ್ಮ ವರ್ಷದ ಅಳತೆ: ತೊಗರಿಬೇಳೆ 36 ಕಿಲೋ, ಅಂದರೆ ದಿನಕ್ಕೆ 100 ಗ್ರಾಂ. ವಾರಕ್ಕೆ ಐದು ರಾತ್ರಿ ಮುದ್ದೆ ಎಂದರೆ ರಾಗಿ ಒಂದು ಕ್ವಿಂಟಾಲ್. ದಿನಕ್ಕೆ ನಿಂಬೆಗಾತ್ರದ ಉಂಡೆಯಂತೆ ಬೀಜ ತೆಗೆದ ಹುಣಸೇಹಣ್ಣು 9 ಕಿಲೋ. ಬ್ಯಾಡಗಿ ಮೆಣಸಿನಕಾಯಿ 3 ಕಿಲೋ, ಗುಂಟೂರು 1 ಕಿಲೋ. ಅಕ್ಕಿ ತಿಂಗಳಿಗೆ 15 ಕಿಲೋ ಬೇಕು, ಆದರೆ ವರ್ಷದ್ದನ್ನು ಒಟ್ಟಿಗೆ ಕೊಳ್ಳುವುದಿಲ್ಲ, 75 ಕಿಲೋ ಮುಂದಾಗಿ ಇಟ್ಟಿರುತ್ತೇವೆ. ಪಡಿತರ ಅಕ್ಕಿ ಬರುವ ಮನೆಯವರು ಅಷ್ಟನ್ನು ಕಳೆದು ಲೆಕ್ಕ ಹಾಕಿಕೊಳ್ಳಲಿ. ಎಪಿಎಂಸಿ ಮಂಡಿಯ ದರಕ್ಕೆ ಆಟೋ ಬಾಡಿಗೆ, ಹಮಾಲಿ ಸೇರಿಸಿಯೂ ಕಿಲೋಗೆ ಹತ್ತರಲ್ಲಿ ಒಂದು ಭಾಗವಾದರೂ ಉಳಿಯದಿದ್ದರೆ ಹೋಗುವ ಶ್ರಮ ಬೇಡ. ಮೂರು ಮನೆಯವರು ಸೇರಿ ಮೂಟೆ ಲೆಕ್ಕದಲ್ಲಿ ಕೊಂಡು ಹಂಚಿಕೊಂಡರೆ ಈ ಲೆಕ್ಕ ಸಲೀಸಾಗಿ ಕೂಡಿಬರುತ್ತದೆ.

ಹೊಸ ತೊಗರಿಬೇಳೆ ಕಲಬುರಗಿ ಕಡೆಯಿಂದ ಜನವರಿಯ ನಂತರ ಬರತೊಡಗುತ್ತದೆ. ಒಂದು ಹಿಡಿ ಅಂಗೈ ಮೇಲೆ ಹಾಕಿ ತೂತಿರುವ ಕಾಳು, ಪುಡಿ, ಅತಿಯಾದ ಹೊಳಪು ನೋಡಿ. ಹೆಚ್ಚು ಹೊಳೆಯುವ ಬೇಳೆಗೆ ಪಾಲಿಶ್ ಮಾಡಿರುತ್ತಾರೆ. ಒಣಗಿದೆಯೇ ಎಂದು ತಿಳಿಯಲು ಒಣ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಬೇಳೆ, ಎರಡು ಚಮಚ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಿ, ಒಂದು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಒಣಗಿಸಲೇಬೇಕು, ವರ್ಷ ಇಡಲು ಇನ್ನೂ ಕಡಿಮೆ ತೇವ ಬೇಕು. ಮಾರ್ಚ್‌ನ ಬಿಸಿಲಿನಲ್ಲಿ ಎರಡು ದಿನ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ, ಹತ್ತಿ ಬಟ್ಟೆಯ ಮೇಲೆ ಒಂದು ಬೆರಳಿನ ದಪ್ಪಕ್ಕೆ ಹರಡಿ. ಸಂಜೆ ಒಳಗೆ ತಂದು ರಾತ್ರಿಯೆಲ್ಲ ಆರಲು ಬಿಡಿ. ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರು ಕಟ್ಟುತ್ತದೆ, ಒಣಗಿಸಿದ್ದೆಲ್ಲ ದಂಡ.

ಆಮೇಲೆ ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆ. 36 ಕಿಲೋಗೆ 180 ಮಿಲಿ. ಐದೈದು ಕಿಲೋ ಬೇಳೆ ಅಗಲ ತಟ್ಟೆಗೆ ಹಾಕಿ, ಅಂಗೈಗೆ ಎಣ್ಣೆ ಸವರಿಕೊಂಡು ಪ್ರತಿ ಕಾಳಿಗೂ ತಾಕುವಂತೆ ಉಜ್ಜಬೇಕು. ಎಣ್ಣೆಯ ಪದರವಿದ್ದರೆ ಹುಳ ಮೊಟ್ಟೆ ಅಂಟಿಸಲು ಆಗುವುದಿಲ್ಲ, ಅಂಟಿಸಿದ ಮೊಟ್ಟೆಯೂ ಉಸಿರುಕಟ್ಟಿ ಸಾಯುತ್ತದೆ. ಬೇಯಿಸುವ ಮುಂಚೆ ಎರಡು ಸಲ ಬಿಸಿನೀರಲ್ಲಿ ತೊಳೆದರೆ ವಾಸನೆ ಉಳಿಯುವುದಿಲ್ಲ. ಮನೆಗಳಲ್ಲಿ ಪಾರದ ಗುಳಿಗೆ, ಬೋರಿಕ್ ಪುಡಿ ಹಾಕುವ ರೂಢಿಯೂ ಇದೆ, ಅದನ್ನು ದಯವಿಟ್ಟು ಬಿಟ್ಟುಬಿಡಿ. ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯ ಹೊಸ್ತಿಲು ದಾಟಿಸಬೇಡಿ, ಅದರಿಂದ ಏಳುವ ಗಾಳಿ ಮಲಗಿದವರ ಪ್ರಾಣ ತೆಗೆಯುತ್ತದೆ.

ತುಂಬಲು 15 ಕಿಲೋ ಎಣ್ಣೆಯ ಖಾಲಿ ಡಬ್ಬ ಒಳ್ಳೆಯದು. ಒಂದರಲ್ಲಿ 12 ಕಿಲೋ ಬೇಳೆ ಹಿಡಿಯುತ್ತದೆ, ಮೂರು ಡಬ್ಬಕ್ಕೆ ವರ್ಷ ಮುಗಿಯಿತು. ಒಂದೇ ದೊಡ್ಡ ಡ್ರಮ್ಮಾದರೆ ಬೇಳೆ ಇಳಿದಂತೆಲ್ಲ ಒಳಗೆ ಗಾಳಿ ಹೆಚ್ಚಾಗಿ ಹುಳಕ್ಕೆ ಅನುಕೂಲ. ಡಬ್ಬವನ್ನು ಬಿಸಿನೀರು, ಸೋಡಾದಲ್ಲಿ ಜಿಡ್ಡು ಹೋಗುವವರೆಗೆ ತೊಳೆದು ಎರಡು ದಿನ ಬಿಸಿಲಿಗಿಡಬೇಕು. ಬಾಯಿಯವರೆಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ, ತಿಂಗಳು ಬರೆದು, ನೆಲದಿಂದ ನಾಲ್ಕು ಇಂಚು ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಅಡುಗೆಗೆ ಬೇರೆ ಚಿಕ್ಕ ಡಬ್ಬ, ತಿಂಗಳಿಗೊಮ್ಮೆ ಮಾತ್ರ ದೊಡ್ಡದು ತೆರೆಯಬೇಕು. ಔಷಧಿ, ಬಣ್ಣ, ರಾಸಾಯನಿಕ ತುಂಬಿದ್ದ ಹಳೆ ಡ್ರಮ್ಮು ಎಷ್ಟು ತೊಳೆದರೂ ಬೇಡ.

ವರ್ಷ ತುಂಬುವ ಹೊತ್ತಿಗೆ ಬೇಳೆ ಬೇಗ ಬೇಯುವುದಿಲ್ಲ, ಇದು ಎಲ್ಲ ಹಳೆ ಬೇಳೆಯ ಗುಣ. ಅರ್ಧ ಗಂಟೆ ನೆನೆಸಿ, ಅರಿಶಿನ ಹಾಕಿ, ಮೊದಲ ವಿಷಲ್ ಆದಮೇಲೆ ಉರಿ ಸಣ್ಣಗೆ ಮಾಡಿ ಹತ್ತು ನಿಮಿಷ ಬಿಡಿ. ಹುಣಸೇಹುಳಿ ಬೆಂದ ಮೇಲೆಯೇ ಬೀಳಬೇಕು.

ಅಕ್ಕಿಯ ಮಾತು ಇದಕ್ಕೆ ತಿರುಗುಮುರುಗು. ಹಳೆಯದಾದಷ್ಟೂ ಒದಗುತ್ತದೆ. ಹೊಸ ಸೋನಾ ಮಸೂರಿ ಲೋಟಕ್ಕೆ ಎರಡು ಲೋಟ ನೀರಿಗೇ ಮುದ್ದೆಯಾದರೆ, ಆರು ತಿಂಗಳು ಇಟ್ಟದ್ದು ಎರಡೂವರೆ ಲೋಟ ಹೀರಿ ಉದುರುದುರಾಗುತ್ತದೆ. ಹಳೆ ಅಕ್ಕಿಗೆ ಅಂಗಡಿಯಲ್ಲಿ ಹೆಚ್ಚು ದರ. ಹಾಗಾಗಿ ಫೆಬ್ರವರಿಯಲ್ಲಿ ಹೊಸದನ್ನು ಕೊಂಡು ಆಗಸ್ಟ್‌ನಲ್ಲಿ ತೆರೆಯುತ್ತೇವೆ. ಅಕ್ಕಿಯನ್ನು ಸುಡುಬಿಸಿಲಿಗೆ ಹಾಕಿದರೆ ಕಾಳು ಬಿರಿದು ನುಚ್ಚಾಗುತ್ತದೆ, ನೆರಳಿನಲ್ಲಿ ಒಂದು ದಿನ ಹರಡಿದರೆ ಸಾಕು. ಜರಡಿ ಹಿಡಿದು ನುಚ್ಚು, ತೌಡು ತೆಗೆಯದೆ ತುಂಬಬಾರದು, ಹುಳ ಮೊದಲು ಬೆಳೆಯುವುದೇ ಆ ಪುಡಿಯಲ್ಲಿ. ತೆಗೆದ ನುಚ್ಚು ಇಡ್ಲಿಗೆ, ಉಪ್ಪಿಟ್ಟಿಗೆ ಆಗುತ್ತದೆ.

ರಾಗಿ ಎಲ್ಲಕ್ಕಿಂತ ಸಾಧು. ಹಳೆ ಮೈಸೂರು ಕಡೆ ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಇಡುತ್ತಿದ್ದ ಧಾನ್ಯವಿದು. ಕೇರಿ, ಕಲ್ಲು ಆರಿಸಿ, ಒಣಗಿಸಿ ಗೋಣಿಚೀಲದಲ್ಲಿ ಹಲಗೆಯ ಮೇಲಿಟ್ಟರೂ ಕೆಡುವುದಿಲ್ಲ. ಹಿಟ್ಟು ಹಾಗಲ್ಲ. ತಿಂಗಳು ದಾಟಿದರೆ ಕಹಿಯಾಗುತ್ತದೆ, ಒಂದು ಸಲಕ್ಕೆ 8 ಕಿಲೋಗಿಂತ ಹೆಚ್ಚು ಬೀಸಿಸಬೇಡಿ.

ಹೊಸ ಹುಣಸೇಹಣ್ಣು ತುಮಕೂರಿನ ಮಾರುಕಟ್ಟೆಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬರುತ್ತದೆ. ಬೀಜ ಸಮೇತ ಕೊಂಡರೆ ಅಗ್ಗ, ಆದರೆ ತೂಕದಲ್ಲಿ ಮೂರನೇ ಒಂದು ಭಾಗ ಬೀಜ, ನಾರಿಗೆ ಹೋಗುತ್ತದೆಂದು ಲೆಕ್ಕ ಹಿಡಿಯಿರಿ. 9 ಕಿಲೋ ಬೇಕಾದರೆ 14 ಕಿಲೋ ಕೊಳ್ಳಬೇಕು. ಬಿಡಿಸಿ, ಎರಡು ದಿನ ಬಿಸಿಲಿಗೆ ಹಾಕಿ, ಕಿಲೋಗೆ 50 ಗ್ರಾಂ ಕಲ್ಲುಪ್ಪು ಬೆರೆಸಿ, ಅರ್ಧ ಕಿಲೋ ಉಂಡೆ ಕಟ್ಟಿ ಪಿಂಗಾಣಿ ಜಾಡಿಯಲ್ಲಿ ಒತ್ತಿ ತುಂಬಿ. ಲೋಹದ ಡಬ್ಬ ಬೇಡ, ಹುಳಿ, ಉಪ್ಪು ಎರಡೂ ಸೇರಿ ತಳ ತಿಂದುಹಾಕುತ್ತವೆ. ಬಣ್ಣ ಕಪ್ಪಾದರೆ ಹೆದರಬೇಡಿ, ಅದು ಹಳೆತನ. ಒದ್ದೆ ಕೈ ಹಾಕಿ ಬಿಳಿ ಬೂಷ್ಟು ಬಂದರೆ ಮಾತ್ರ ಕೆಟ್ಟಿತು.

ಮೆಣಸಿನಕಾಯಿಗೆ ತೂಕ ಬರಲೆಂದು ನೀರು ಚಿಮುಕಿಸಿರುವುದುಂಟು. ಬಗ್ಗಿಸಿದಾಗ ಮುರಿಯದೆ ಬಳುಕಿದರೆ ಅದು ಒದ್ದೆ. ಹತ್ತು ಕಾಯಿ ಮುರಿದು ಒಳಗೆ ನೋಡಿ, ಬೂದು ಬೂಷ್ಟಿದ್ದರೆ ಆ ಮೂಟೆ ಬಿಡಿ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎರಡೂ ಬಣ್ಣಕ್ಕೆ, ಖಾರಕ್ಕೆ ಗುಂಟೂರು ಬೇಕೇ ಬೇಕು. ತೊಟ್ಟು ತೆಗೆಯದೆ ಗರಿಗರಿಯಾಗಿ ಒಣಗಿಸಿ ಇಡಬೇಕು. ತೊಟ್ಟು ತೆಗೆದರೆ ತೇವ ಒಳಗಿಳಿಯುತ್ತದೆ.

ಸಾರಿನಪುಡಿ ಮಾತ್ರ ಮೂರು ತಿಂಗಳಿಗಾಗುವಷ್ಟೇ. ಬ್ಯಾಡಗಿ 250 ಗ್ರಾಂ, ಧನಿಯ 300, ಜೀರಿಗೆ 50, ಕರಿಮೆಣಸು 50, ಮೆಂತ್ಯ 25, ಸಾಸಿವೆ 15, ಎರಡು ಹಿಡಿ ಕರಿಬೇವು, ಒಂದು ಚಮಚ ಇಂಗು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಮೆಣಸಿನಕಾಯಿಗೆ ನಾಲ್ಕು ಹನಿ ಹರಳೆಣ್ಣೆ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ. ಗಿರಣಿಯಲ್ಲಿ ನಿಮ್ಮ ಮುಂದೆ ಖಾರದಪುಡಿಯವರೇ ಇದ್ದರೆ ಒಳ್ಳೆಯದು. ಬಿಸಿ ಪುಡಿಯನ್ನು ಕಾಗದದ ಮೇಲೆ ಹರಡಿ ಆರಿಸಿಯೇ ತುಂಬಿ.

ರವೆ, ಮೈದಾ, ಕಡಲೆಬೀಜ, ಅಡುಗೆ ಎಣ್ಣೆ, ಬೆಲ್ಲ ಇವನ್ನು ವರ್ಷಕ್ಕೆಂದು ಕೂಡಿಡಬೇಡಿ. ಕಡಲೆಬೀಜ, ಎಣ್ಣೆ ಮುಗ್ಗಲು ಬರುತ್ತವೆ, ಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ರವೆಯನ್ನು ಕೊಂಡ ದಿನವೇ ಬೆಚ್ಚಗೆ ಹುರಿದಿಟ್ಟರೆ ಎರಡು ತಿಂಗಳು ಬರುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಡಬ್ಬ ತೆರೆದಾಗ ಕೈ ತಳದವರೆಗೆ ಇಳಿಸಿ ನೋಡಿ. ಕಾಳು ಬೆಚ್ಚಗಿದ್ದರೆ, ಪುಡಿ ಹತ್ತಿದರೆ, ಬಲೆ ಕಟ್ಟಿ ಉಂಡೆಯಾಗಿದ್ದರೆ ಹುಳ ಶುರುವಾಗಿದೆ. ಬೇಳೆಯಾದರೆ ಬಿಸಿಲು ಬಿದ್ದ ದಿನವೇ ಹರಡಿ, ಜರಡಿ ಹಿಡಿದು, ಆ ಡಬ್ಬವನ್ನು ಮೊದಲು ಖಾಲಿ ಮಾಡಿ. ಅಕ್ಕಿಯನ್ನು ನೆರಳಿಗೇ ಹಾಕಿ ಜರಡಿ ಹಿಡಿದರೆ ಸಾಕು. ಖಾಲಿಯಾದ ಡಬ್ಬಕ್ಕೆ ಕುದಿಯುವ ನೀರು ಸುರಿದು, ಮುಚ್ಚಳದ ಸಂದನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎರಡು ದಿನ ಬಿಸಿಲಿಗಿಡಿ. ಮೊಟ್ಟೆ ಉಳಿದಿರುವುದು ಆ ಸಂದಿನಲ್ಲೇ.