‘ಸ್ವಿಚ್ ಆಫ್ ಇಟ್’ ಕಾಟಕ್ಕೆ ನಾನು ಕಂಡುಕೊಂಡ ದಾರಿ

ಕನ್ನಡ ಮೀಡಿಯಂ ಹುಡುಗರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರಿಗೆಲ್ಲ ‘ಸ್ವಿಚ್ ಆಫ್ ಇಟ್’ ಗೊತ್ತೇ ಇರುತ್ತದೆ. ಹೇಳಬೇಕಾದ್ದು ‘ಸ್ವಿಚ್ ಇಟ್ ಆಫ್’. ಅದರ ಅಣ್ಣತಮ್ಮಂದಿರು ‘ಕಾಲ್ ಬ್ಯಾಕ್ ಮಿ’, ‘ಪಿಕ್ ಅಪ್ ಹಿಮ್’, ‘ಐ ಲೈಕ್ ವೆರಿ ಮಚ್ ಇಟ್’. ಇವತ್ತು ತಿದ್ದಿದರೆ ನಾಳೆ ಮತ್ತೆ ಹಾಜರ್. ರಾಣೆಬೆನ್ನೂರಿನ ನನ್ನ ಕ್ಲಾಸಿನಲ್ಲಿ ಈ ಕಾಟ ಈಗ ಹೆಚ್ಚುಕಡಿಮೆ ನಿಂತಿದೆ.

‘ಆಫ್’, ‘ಬ್ಯಾಕ್’, ‘ಸ್ಲೋಲಿ’ಯಂಥ ಅಡ್ವರ್ಬ್ ಪಾಠವನ್ನು ‘ಇಟ್’, ‘ಹಿಮ್’ ಥರದ ಪ್ರೊನೌನ್‌ನಿಂದ ಶುರು ಮಾಡುತ್ತೇನೆ ಅಂದಾಗ ಇದೇ ಕಸುಬಿನ ಗೆಳೆಯರೊಬ್ಬರು ನಕ್ಕಿದ್ದರು. “ಹಂಗೆಲ್ಲ ಆಗಂಗಿಲ್ರಿ ಸರ. ಎರಡು ವಾರದಾಗ ಬೆಂಚ್ ಖಾಲಿ ಆಗ್ತಾವ ನೋಡ್ರಿ” ಅಂದರು. ಹೋದ ತಿಂಗಳು ಅವರೇ ಬಂದು ಡ್ರಿಲ್ ಹಾಳೆ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿದವರು. ಊರಿನ ಬೀಜದ ಕಂಪನಿಗಳಲ್ಲಿ ಫೀಲ್ಡ್ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರು. ಸರ್ಕಾರಿ ಶಾಲೆಯಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ಹಾಗಾಗಿ ಇವರಿಗೆ ಪದಗಳ ಬರಗಾಲ ಇಲ್ಲ. ಯಾವ ಪದ ಎಲ್ಲಿ ಕೂರಬೇಕು ಅನ್ನೋದೇ ತಕರಾರು.

ಮೊದಲು ಎಲ್ಲರ ಹಾಗೆ ‘ಸ್ವಿಚ್ ಆಫ್’ ಥರದ ಜೋಡಿಪದಗಳ, ಅಂದರೆ ಫ್ರೇಸಲ್ ವರ್ಬ್‌ಗಳ ಪಟ್ಟಿ ಬಾಯಿಪಾಠ ಮಾಡಿಸಿದೆ. ದಾವಣಗೆರೆಯಲ್ಲಿ ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿದೆ, ಮೂರು ಸಾವಿರದ ಮೇಲೇ ಆಯಿತು. ಗೋಡೆಗೆ ಒಂದು ಫ್ಲೆಕ್ಸ್ ಬೇರೆ. ಹುಡುಗರು ಅರ್ಥವನ್ನೇನೋ ಪಟಪಟ ಒಪ್ಪಿಸುತ್ತಿದ್ದರು. ವಾಕ್ಯದಲ್ಲಿ ‘ಇಟ್’ ಬಂತೋ, ಮತ್ತೆ ‘ಸ್ವಿಚ್ ಆಫ್ ಇಟ್’. ಅವರದೂ ತಪ್ಪಲ್ಲ. ನಮ್ಮ ಮಾತಿನಲ್ಲಿ ‘ಸ್ವಿಚ್ ಆಫ್ ಮಾಡು’, ‘ಕಾಲ್ ಬ್ಯಾಕ್ ಮಾಡು’, ‘ಫಿಲಪ್ ಮಾಡು’ ಎಲ್ಲ ಒಂದೇ ಗಂಟು. ಆ ಗಂಟನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿ ನಾನು ಇನ್ನಷ್ಟು ಬಿಗಿ ಮಾಡುತ್ತಿದ್ದೆ, ಅಷ್ಟೇ. ಆ ಕಾರ್ಡ್‌ಗಳ ಹಿಂಬದಿಯಲ್ಲಿ ಈಗ ಫೀಸಿನ ಲೆಕ್ಕ ಬರೆಯುತ್ತೇನೆ.

ಆಮೇಲೆ ಉಲ್ಟಾ ಪದ್ಧತಿ. ಸಬ್ಜೆಕ್ಟ್ ಮೊದಲು ಹೇಳು, ಮಿಕ್ಕಿದ್ದನ್ನು ಕನ್ನಡ ವಾಕ್ಯದ ಕೊನೆಯಿಂದ ಹಿಂದಕ್ಕೆ ಹೇಳು ಅಂತ ನಾವೆಲ್ಲ ಕಲಿಸುತ್ತೇವಲ್ಲ, ಅದೇ. ‘ಅವಳು ನಿಧಾನವಾಗಿ ಅದನ್ನು ಓದಿದಳು’ ಅಂದರೆ ಉಲ್ಟಾ ಮಾಡಿದಾಗ ‘ಶಿ ರೆಡ್ ಇಟ್ ಸ್ಲೋಲಿ’. ಸರಿ ಬಂತು. ಆದರೆ ನಾವು ಜಾಸ್ತಿ ಹೇಳುವುದು ‘ಅವಳು ಅದನ್ನು ನಿಧಾನವಾಗಿ ಓದಿದಳು’ ಅಂತ ಅಲ್ವಾ? ಅದನ್ನು ಉಲ್ಟಾ ಮಾಡಿದರೆ ‘ಶಿ ರೆಡ್ ಸ್ಲೋಲಿ ಇಟ್’. ಕನ್ನಡದಲ್ಲಿ ಎರಡೂ ಸರಿ, ಇಂಗ್ಲಿಷಿನಲ್ಲಿ ಒಂದು ಕೆಟ್ಟಿತು. ‘ಅದನ್ನು ಸ್ವಿಚ್ ಆಫ್ ಮಾಡು’ ಕಥೆಯೂ ಅದೇ. ಆ ಬ್ಯಾಚ್ ಇಪ್ಪತ್ತರಿಂದ ಹತ್ತಕ್ಕೆ ಇಳಿಯಿತು. ಅರ್ಧ ಫೀಸು ವಾಪಸ್ ಕೊಟ್ಟೆ. ರೂಮಿನ ಬಾಡಿಗೆ ಕೈಯಿಂದ ಹೋಯಿತು.

ಈಗಿನ ದಾರಿ ಸುಲಭ. ಮೊದಲ ಎರಡು ವಾರ ವರ್ಬ್ ಆದಮೇಲೆ ನೌನ್ ಇಲ್ಲವೇ ಇಲ್ಲ. ಇಟ್, ಹಿಮ್, ಹರ್, ದೆಮ್, ಮಿ, ಅಸ್, ಇಷ್ಟೇ. ವರ್ಬ್ ಪಕ್ಕದ ಸೀಟಿಗೆ ಇವರು ಮೊದಲೇ ಟವೆಲ್ ಹಾಕಿಬಿಟ್ಟಿದ್ದಾರೆ, ಬೇರೆ ಯಾರೇ ಬಂದರೂ ಹಿಂದಿನ ಸೀಟು ಅಂತ ಹೇಳುತ್ತೇನೆ. ಟೇಬಲ್ ಮೇಲೆ ಟೋಪಿ, ಬಾಟಲಿ, ಚೀಲ. ಒಬ್ಬ ಹೇಳಬೇಕು, ಇನ್ನೊಬ್ಬ ಮಾಡಬೇಕು. ‘ಪಿಕ್ ಇಟ್ ಅಪ್’, ‘ಪುಟ್ ಇಟ್ ಆನ್’, ‘ಟೇಕ್ ಇಟ್ ಆಫ್’, ‘ಗಿವ್ ಇಟ್ ಬ್ಯಾಕ್’. ಅದೇ ಉಸಿರಿಗೆ ‘ಓಪನ್ ಇಟ್ ಸ್ಲೋಲಿ’, ‘ಹೋಲ್ಡ್ ಇಟ್ ಟೈಟ್ಲಿ’, ‘ಕಾಲ್ ಮಿ ಟುಮಾರೊ’. ಗ್ರಾಮರ್ ಪುಸ್ತಕದಲ್ಲಿ ‘ಆಫ್’ ಒಂದು ಪಾಠ, ‘ಸ್ಲೋಲಿ’ ಇನ್ನೊಂದು ಪಾಠ. ನನ್ನ ಕ್ಲಾಸಿನಲ್ಲಿ ಎರಡಕ್ಕೂ ಒಂದೇ ಜಾಗ.

ಇದರ ಜೊತೆಗೆ ಬೆಂಚ್ ತಟ್ಟಿಸುತ್ತೇನೆ. ವರ್ಬ್‌ಗೆ ಒಂದು ಪೆಟ್ಟು, ಪ್ರೊನೌನ್‌ಗೆ ಏನೂ ಇಲ್ಲ, ಕೊನೆಯ ಅಡ್ವರ್ಬ್‌ಗೆ ಜೋರು ಪೆಟ್ಟು. ‘ಪಿಕಿಟಪ್’, ‘ಟರ್ನಿಟಾಫ್’. ‘ಹಿಮ್’ ಬಂದರೆ ಹಕಾರ ನುಂಗಿ ‘ಪಿಕಿಮಪ್’. ಈ ತಾಳ ಒಮ್ಮೆ ಕೈಗೆ ಹತ್ತಿದರೆ ‘ಪಿಕ್ ಅಪ್ ಇಟ್’ ಅನ್ನಲು ನಾಲಿಗೆಯೇ ಒಪ್ಪುವುದಿಲ್ಲ. ಮೊದಲ ವಾರ ಯಾವ ವರ್ಬ್ ಆದಮೇಲೆ ಯಾವುದು ಅನ್ನುವ ಕ್ರಮ ಒಂದಿದೆ. ಅದನ್ನು ಇಲ್ಲಿ ಹಾಕುವುದಿಲ್ಲ. ಹೊಟ್ಟೆಪಾಡು.

ಕಿವಿಗೆ ಬೀಳಲಿ ಅಂತ ಕ್ರಿಕೆಟ್ ಕಾಮೆಂಟರಿ ಹಚ್ಚಿದೆ. ‘ಪಿಕ್ಸ್ ಇಟ್ ಅಪ್ ಆಂಡ್ ಥ್ರೋಸ್ ಇಟ್ ಇನ್’ ಅಂತ ಅವರು ಹೇಳುತ್ತಲೇ ಇರುತ್ತಾರೆ. ಗಂಡುಹುಡುಗರು ಅರ್ಧ ಗಂಟೆ ಸ್ಕೋರ್ ನೋಡುತ್ತಾ ಕೂತರು, ಪಾಠ ನೀರಿಗೆ ಬಿತ್ತು. ಅಡುಗೆ ವಿಡಿಯೋ ಮಾತ್ರ ಗೆದ್ದಿತು. ‘ಮಿಕ್ಸ್ ಇಟ್ ವೆಲ್’, ‘ಟರ್ನ್ ಇಟ್ ಡೌನ್’, ‘ಟೇಕ್ ಇಟ್ ಔಟ್’ ಎಲ್ಲ ಒಂದೇ ಕಡೆ ಸಿಗುತ್ತವೆ. ಖರ್ಚು ಬರೀ ಡೇಟಾ ಪ್ಯಾಕ್.

ಇದಕ್ಕೂ ಸೈಡ್ ಎಫೆಕ್ಟ್ ಇದೆ. ಮೂರನೇ ವಾರಕ್ಕೆ ಒಬ್ಬಳು ‘ವೇಟ್ ಹಿಮ್ ಫಾರ್’ ಅಂದಳು. ಇನ್ನೊಬ್ಬ ‘ಲಿಸನ್ ಮಿ ಟು’. ನಕ್ಕ ಗೆಳೆಯರು ಇದ್ದಿದ್ದರೆ ಕುಣಿದಾಡುತ್ತಿದ್ದರು. ಇಲ್ಲೂ ಬೆಂಚ್ ಪೆಟ್ಟೇ ಕೈ ಹಿಡಿಯಿತು. ‘ವೇಟ್ ಫಾರ್ ಹಿಮ್’, ‘ಲುಕ್ ಅಟ್ ಇಟ್’ ಅನ್ನುವಾಗ ಪೆಟ್ಟು ವರ್ಬ್ ಮೇಲೆ ಬೀಳುತ್ತದೆ. ‘ಫಾರ್’, ‘ಅಟ್’ ಸುಮ್ನೆ ಸವರಿಕೊಂಡು ಹೋಗುತ್ತವೆ. ಪೆಟ್ಟು ತಿನ್ನದ ಪದ ಹಿಂದಿನ ಸೀಟಿಗೆ ಹೋಗುವ ಹಾಗಿಲ್ಲ. ‘ಲುಕ್ ಆಫ್ಟರ್’ ಮಾತ್ರ ಈ ಪರೀಕ್ಷೆಗೆ ಜಗ್ಗುವುದಿಲ್ಲ. ಅದರಲ್ಲಿ ‘ಆಫ್ಟರ್’ ಮೇಲೂ ಪೆಟ್ಟು ಬೀಳುತ್ತದೆ, ಆದರೂ ‘ಲುಕ್ ಆಫ್ಟರ್ ಹರ್’ ಅಂತಲೇ ಹೇಳಬೇಕು. ಅಂಥವು ಒಂದಷ್ಟಿವೆ, ಬಾಯಿಪಾಠ ಮಾಡಿಸಿ ಮುಗಿಸುತ್ತೇನೆ.

ನೌನ್‌ಗಳು ಒಳಗೆ ಬರುವುದು ಆಮೇಲೆ. ‘ಸ್ವಿಚ್ ಆಫ್ ದ ಫ್ಯಾನ್’ ಸರಿ, ‘ಸ್ವಿಚ್ ದ ಫ್ಯಾನ್ ಆಫ್’ ಕೂಡ ಸರಿ ಅಂದಾಗ ಹುಡುಗರಿಗೆ ಬಿಟ್ಟಿ ಸಿಕ್ಕಷ್ಟು ಖುಷಿ. ನೌನ್ ಉದ್ದ ಇದ್ದರೆ ‘ಆಫ್’ ಅನ್ನು ವರ್ಬ್ ಹತ್ತಿರವೇ ಇಟ್ಟುಕೊಳ್ಳಿ ಅಂತೀನಿ. ‘ಸ್ವಿಚ್ ಆಫ್ ದ ಫ್ಯಾನ್ ಇನ್ ದ ಬ್ಯಾಕ್ ರೂಮ್.’ ‘ಸ್ಲೋಲಿ’, ‘ವೆಲ್’ಗಳಿಗೆ ಈ ರಿಯಾಯಿತಿ ಇಲ್ಲ. ‘ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಅಂದರೆ ಮೊದಲಿಂದ ಬೆಂಚ್ ತಟ್ಟಬೇಕು.

ಈಗ ಬ್ಯಾಚಿಗೆ ಇಪ್ಪತ್ತೈದರ ಆಸುಪಾಸು ಬರುತ್ತಾರೆ, ಕೊನೆಯವರೆಗೆ ಇಪ್ಪತ್ತಕ್ಕಿಂತ ಜಾಸ್ತಿ ಉಳಿಯುತ್ತಾರೆ. ಎರಡು ತಿಂಗಳ ಫೀಸು ಸಾವಿರದ ಐನೂರು ಇದ್ದದ್ದು ಎರಡು ಸಾವಿರ ಮಾಡಿದೆ, ಯಾರೂ ಚೌಕಾಸಿ ಮಾಡಲಿಲ್ಲ. ‘ಹಿ ಕ್ವಿಕ್ಲಿ ಕ್ಲೋಸ್ಡ್ ಇಟ್’ ಕೂಡ ಸರಿಯಲ್ವಾ ಸರ್ ಅಂತ ಕೇಳುವ ಜಾಣರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಸರಿಯೇ. ‘ಆಲ್ವೇಸ್’, ‘ಆಫನ್’ ಕೂಡ ವರ್ಬ್‌ಗಿಂತ ಮುಂಚೆಯೇ ಬರುತ್ತವೆ, ‘ಈಸ್’ ಇದ್ದರೆ ಅದು ಆದಮೇಲೆ. ಅದೆಲ್ಲ ಎರಡನೇ ತಿಂಗಳ ಪಾಠ, ಅಲ್ಲಿಯವರೆಗೆ ತಡೆಯಪ್ಪಾ ಅಂತ ಕೂರಿಸುತ್ತೇನೆ.